ಹೊಸ ಸ್ಟ್ಯಾಂಡ್ ಮಿಕ್ಸರ್, ಮೊದಲ ರಾಗಿ ಬಿಸ್ಕತ್ತು: ತಳದಲ್ಲಿ ಸಕ್ಕರೆ ಉಳೀತು, ಓವನ್‌ನಲ್ಲಿ ಹಪ್ಪಳ ಆಯ್ತು

ಶಿರಾಗೇಟ್_ಅಡುಗೆಮನೆ (ತುಮಕೂರು)

ಎಲ್ಲರಿಗೂ ನಮಸ್ಕಾರ. 5 ಲೀಟರ್ ಬೌಲಿನ, ತಲೆ ಮೇಲಕ್ಕೆತ್ತುವ ಮಾದರಿಯ ಸ್ಟ್ಯಾಂಡ್ ಮಿಕ್ಸರ್. ಲೇಬಲ್ ಮೇಲೆ 1000 ವ್ಯಾಟ್ ಅಂತಿದೆ, ಒಟ್ಟು 6 ಸ್ಪೀಡು. ಜೊತೆಗೆ ಕೊಟ್ಟಿರೋದು ಮೂರು: ಎಲೆಯಾಕಾರದ ಚಪ್ಪಟೆ ಬೀಟರ್, ತಂತಿ ವಿಸ್ಕ್, ಹಿಟ್ಟು ನಾದೋ ಕೊಕ್ಕೆ. ಮೊದಲ ಪ್ರಯೋಗಕ್ಕೆ ಮೊಟ್ಟೆ ಇಲ್ಲದ ರಾಗಿ ಬಿಸ್ಕತ್ತು.

ಹಾಕಿದ್ದು ಇಷ್ಟು. ಉಪ್ಪಿರೋ ಬೆಣ್ಣೆ 100 ಗ್ರಾಂ, ಸಕ್ಕರೆ ಮುಕ್ಕಾಲು ಕಪ್, ಮೈದಾ 1 ಕಪ್, ರಾಗಿ ಹಿಟ್ಟು ಅರ್ಧ ಕಪ್, ಬೇಕಿಂಗ್ ಪೌಡರ್ ಅರ್ಧ ಟೀ ಚಮಚ, ಹಾಲು 2 ಚಮಚ, ಏಲಕ್ಕಿ. ಬೆಣ್ಣೆ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಹೊರಗಿತ್ತು, ಅಡುಗೆಮನೆ 33 ಡಿಗ್ರಿ. ಬೆಣ್ಣೆ-ಸಕ್ಕರೆಯನ್ನ ವಿಸ್ಕ್ ಹಾಕಿ 4ನೇ ಸ್ಪೀಡಲ್ಲಿ 6 ನಿಮಿಷ. ಆಮೇಲೆ ಹಿಟ್ಟು ಹಾಕಿ ಮತ್ತೆ 3 ನಿಮಿಷ. ಒಟಿಜಿ (ಓವನ್-ಟೋಸ್ಟರ್-ಗ್ರಿಲ್) 180 ಡಿಗ್ರಿ, ಮೇಲೆ ಕೆಳಗೆ ಎರಡೂ ರಾಡ್, 15 ನಿಮಿಷ.

ಆಗಿದ್ದು: ಬೆಣ್ಣೆ ವಿಸ್ಕ್ ತಂತಿಯೊಳಗೆ ಸಿಕ್ಕಿಕೊಂಡಿತು, ಬೌಲಿನ ತಳದಲ್ಲಿ ಸಕ್ಕರೆ ಹಾಗೇ ಉಳಿಯಿತು. ಬಿಸ್ಕತ್ತು ಹರಡಿ ಒಂದಕ್ಕೊಂದು ಅಂಟಿಕೊಂಡವು, ಅಂಚು ಕಪ್ಪು, ನಡುವೆ ಮೆತ್ತಗೆ. ಚಪ್ಪಟೆ ಬೀಟರ್ ಹಾಕಿ ಖಾಲಿ ಬೌಲಲ್ಲಿ ತಿರುಗಿಸಿದರೆ ತಳದಲ್ಲಿ ಟಿಕ್ ಟಿಕ್ ಅನ್ನುತ್ತೆ. ಮೆಷಿನ್ ತಲೆ ಬಿಸಿಯಾಯ್ತು, ಸ್ವಲ್ಪ ಸುಟ್ಟ ವಾಸನೆಯೂ ಬಂತು.

ತಪ್ಪು ಅಳತೆಯದಾ, ಮೆಷಿನ್ನಿನದಾ? ಇದರಲ್ಲಿ ಚಪಾತಿ ಹಿಟ್ಟು ನಾದಬಹುದಾ ಅನ್ನೋದನ್ನೂ ಯಾರಾದ್ರೂ ಹೇಳಿ.

ಬಂಗಾರಪೇಟೆ_ಓವನ್ (ಕೋಲಾರ ಜಿಲ್ಲೆ)

ಶಿರಾಗೇಟ್ ಅವರೇ, ಟಿಕ್ ಟಿಕ್ ವಿಷಯ ಮೋಟಾರ್ ಗೊತ್ತಿರೋರು ಹೇಳಲಿ. ಬಿಸ್ಕತ್ತಿನ ಮಟ್ಟಿಗೆ ಮೆಷಿನ್ ತಪ್ಪು ಏನೂ ಇಲ್ಲ.

ಮೊದಲು ವಿಸ್ಕ್. ಅದು ಇರೋದು ಕ್ರೀಮಿಗೆ, ಮೊಟ್ಟೆ ಬಿಳಿಗೆ, ಅಂದ್ರೆ ತೆಳ್ಳಗಿರೋದಕ್ಕೆ ಗಾಳಿ ತುಂಬೋಕೆ. ಬೆಣ್ಣೆ ಅದರ ಪಂಜರದೊಳಗೆ ಸೇರಿಕೊಂಡ್ರೆ ಅಲ್ಲೇ ಗಿರಗಿರ ತಿರುಗ್ತಾ ಕೂರುತ್ತೆ, ಸಕ್ಕರೆ ಕೆಳಗೇ ಉಳಿಯುತ್ತೆ. ಗಟ್ಟಿ ಬೆಣ್ಣೆಗೆ ಹಾಕಿದ್ರೆ ತಂತಿಯೂ ಸೊಟ್ಟಗಾಗುತ್ತೆ. ಬಿಸ್ಕತ್ತಿಗೆ ಶುರುವಿಂದ ಕೊನೆವರೆಗೂ ಚಪ್ಪಟೆ ಬೀಟರ್ ಒಂದೇ ಸಾಕು.

ಎರಡನೇದು ಪ್ರಮಾಣ. 5 ಲೀಟರ್ ಬೌಲಿಗೆ 100 ಗ್ರಾಂ ಬೆಣ್ಣೆ ಅಂದ್ರೆ ಕಡಾಯಿಗೆ ಒಂದು ಚಮಚ ಒಗ್ಗರಣೆ ಹಾಕಿದ ಹಾಗೆ. ಬೀಟರ್ ಎರಡು ಸುತ್ತು ಹೊಡೆಯೋಷ್ಟರಲ್ಲಿ ಬೆಣ್ಣೆ ಬೌಲಿನ ಗೋಡೆಗೆ ತೆಳ್ಳಗೆ ಮೆತ್ತಿಕೊಳ್ಳುತ್ತೆ, ಆಮೇಲೆ ಬೀಟರ್ ಗಾಳಿಯಲ್ಲೇ ತಿರುಗುತ್ತೆ. ಈ ಸೈಜಿಗೆ ಕನಿಷ್ಠ 200 ಗ್ರಾಂ ಬೆಣ್ಣೆ ಬೇಕು. ಅಷ್ಟು ಬಿಸ್ಕತ್ತು ಬೇಡ ಅಂದ್ರೆ ಅರ್ಧ ಹಿಟ್ಟನ್ನ ಉಂಡೆ ಮಾಡಿ ಫ್ರೀಜರಲ್ಲಿಡಿ. ಇಲ್ಲಾಂದ್ರೆ 100 ಗ್ರಾಮನ್ನ ಕೈಯಲ್ಲೇ ಮರದ ಸೌಟಿಂದ ಮಾಡಿ, ಮೆಷಿನ್‌ಗಿಂತ ಚೆನ್ನಾಗೇ ಆಗುತ್ತೆ.

ಮೂರನೇದೇ ದೊಡ್ಡದು, ಬೆಣ್ಣೆಯ ಬಿಸಿ. ರೆಸಿಪಿಯಲ್ಲಿ "ರೂಮ್ ಟೆಂಪರೇಚರ್" ಅಂತ ಬರೆದಿರ್ತಾರಲ್ಲ, ಅದು ತುಮಕೂರಿನ ಏಪ್ರಿಲ್ ತಿಂಗಳ ರೂಮಲ್ಲ. ಬೆಣ್ಣೆಗೆ ಬೇಕಾದ್ದು 18ರಿಂದ 20 ಡಿಗ್ರಿ. ಅಷ್ಟರಲ್ಲಿ ಬೆಣ್ಣೆ ಮೆತ್ತಗಿದ್ರೂ ಅದರೊಳಗಿನ ಕೊಬ್ಬು ಅರ್ಧಂಬರ್ಧ ಗಟ್ಟಿಯಾಗೇ ಇರುತ್ತೆ. ಸಕ್ಕರೆ ಕಾಳಿನ ಚೂಪು ಅಂಚು ಅದನ್ನ ಕೊರೀತಾ ಹೋದಾಗ ಸಣ್ಣ ಸಣ್ಣ ಗಾಳಿಗುಳ್ಳೆ ಹುಟ್ಟುತ್ತೆ, ಗಟ್ಟಿ ಕೊಬ್ಬು ಆ ಗುಳ್ಳೆಯನ್ನ ಹಿಡಿದಿಟ್ಟುಕೊಳ್ಳುತ್ತೆ. 33 ಡಿಗ್ರಿಯಲ್ಲಿ ಬೆಣ್ಣೆ ಹೆಚ್ಚುಕಮ್ಮಿ ಎಣ್ಣೆ. ಗುಳ್ಳೆ ನಿಲ್ಲಲ್ಲ, ಓವನ್‌ಗೆ ಹೋದ ಕೂಡಲೇ ಹಿಟ್ಟು ಗಟ್ಟಿಯಾಗೋ ಮೊದಲೇ ಬೆಣ್ಣೆ ಹರಿದು ಎಲ್ಲ ಹಪ್ಪಳ. 6 ನಿಮಿಷ ತಿರುಗಿಸಿದಾಗ ಉಜ್ಜಾಟದಿಂದ ಇನ್ನೂ ಒಂದೆರಡು ಡಿಗ್ರಿ ಏರಿರುತ್ತೆ, ಅದು ಬೇರೆ.

ಬೇಸಿಗೆಯಲ್ಲಿ ಹೀಗೆ ಮಾಡಿ. ಬೆಣ್ಣೆಯನ್ನ ಫ್ರಿಜ್ಜಿಂದ ತೆಗೆದ ತಕ್ಷಣ ಅರ್ಧ ಇಂಚಿನ ತುಂಡು ಮಾಡಿ, ತಟ್ಟೆಯಲ್ಲಿ ಬಿಡಿಬಿಡಿಯಾಗಿ ಹರಡಿ 8-10 ನಿಮಿಷ ಬಿಡಿ. ಡಿಸೆಂಬರ್-ಜನವರಿಯ ಬೆಳಿಗ್ಗೆ ಇದಕ್ಕೇ ಅರ್ಧ ಗಂಟೆ ಹಿಡಿಯಬಹುದು. ಗಡಿಯಾರಕ್ಕಿಂತ ಬೆರಳನ್ನ ನಂಬಿ: ಒತ್ತಿದ್ರೆ ಗುಂಡಿ ಬೀಳಬೇಕು, ಗುಂಡಿ ಹಾಗೇ ನಿಲ್ಲಬೇಕು, ಬೆರಳಿಗೆ ಎಣ್ಣೆ ಹೊಳಪು ಅಂಟಬಾರದು. ಬೆರಳು ಹೊಳೆದ್ರೆ ತಟ್ಟೆ ಸಮೇತ ವಾಪಸ್ ಫ್ರಿಜ್ಜಿಗೆ. ಸ್ಟೀಲ್ ಬೌಲನ್ನೂ ಕಾಲು ಗಂಟೆ ಫ್ರಿಜ್ಜಲ್ಲಿಟ್ರೆ ಒಳ್ಳೇದು.

ಇನ್ನು ಅಳತೆ. ಮುಕ್ಕಾಲು ಕಪ್ ಸಕ್ಕರೆ ಅಂದ್ರೆ ಸುಮಾರು 150 ಗ್ರಾಂ, ಬೆಣ್ಣೆ 100. ಸಕ್ಕರೆ ಬೆಣ್ಣೆಯ ಒಂದೂವರೆ ಪಟ್ಟು ಆಯ್ತು. ಓವನ್ ಶಾಖಕ್ಕೆ ಸಕ್ಕರೆ ಕರಗಿ ಪಾಕ ಆಗುತ್ತೆ, ಹರಡೋದಕ್ಕೆ ಅದೂ ಕಾರಣ, ಅಂಚು ಕಪ್ಪಾಗೋದಕ್ಕೂ. ಕಪ್ ಅಳತೆಯನ್ನ ಪಕ್ಕಕ್ಕಿಡಿ. ಅದೇ ಕಪ್ಪಲ್ಲಿ ಮೈದಾವನ್ನ ಚಮಚದಿಂದ ಸುರಿದ್ರೆ 120 ಗ್ರಾಂ, ಡಬ್ಬಕ್ಕೆ ಕಪ್ ಅದ್ದಿ ಒತ್ತಿದ್ರೆ 150. ಇಷ್ಟು ವ್ಯತ್ಯಾಸ ಬಿಸ್ಕತ್ತನ್ನ ಹಾಳು ಮಾಡೋಕೆ ಸಾಕು. ಅಡುಗೆಮನೆಯ ಡಿಜಿಟಲ್ ತೂಕದ ಮೆಷಿನ್ ಒಂದು ತಗೊಳ್ಳಿ, ಸ್ಟ್ಯಾಂಡ್ ಮಿಕ್ಸರ್‌ಗಿಂತ ಮೊದಲು ತಗೋಬೇಕಾಗಿದ್ದೇ ಅದು.

ನಿಮ್ಮ ಬೌಲಿಗೆ ಹೊಂದೋ ಅಳತೆ:

ಉಪ್ಪಿರೋ ಬೆಣ್ಣೆ 200 ಗ್ರಾಂ (ಬೇರೆ ಉಪ್ಪು ಬೇಡ)
ಸಕ್ಕರೆ 150 ಗ್ರಾಂ
ಮೈದಾ 200 ಗ್ರಾಂ
ಹುರಿದ ರಾಗಿ ಹಿಟ್ಟು 100 ಗ್ರಾಂ
ಬೇಕಿಂಗ್ ಪೌಡರ್ ಮುಕ್ಕಾಲು ಟೀ ಚಮಚ
ಏಲಕ್ಕಿ ಪುಡಿ ಅರ್ಧ ಟೀ ಚಮಚ
ತಣ್ಣಗಿನ ಹಾಲು 1ರಿಂದ 2 ಟೇಬಲ್ ಚಮಚ

ರಾಗಿ ಹಿಟ್ಟನ್ನ ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ 4-5 ನಿಮಿಷ, ಹಸಿ ವಾಸನೆ ಹೋಗಿ ಘಮ್ ಅನ್ನೋವರೆಗೆ ಹುರಿದು ಪೂರ್ತಿ ಆರಿಸಿ. ಬಿಸಿ ಹಿಟ್ಟು ಹಾಕಿದ್ರೆ ಮೇಲೆ ಬೆಣ್ಣೆಗೆ ಪಟ್ಟ ಪಾಡೆಲ್ಲ ನೀರುಪಾಲು. ಮೈದಾ, ರಾಗಿ, ಬೇಕಿಂಗ್ ಪೌಡರ್ ಮೂರನ್ನೂ ಒಟ್ಟಿಗೆ ಎರಡು ಸಲ ಜರಡಿ ಹಿಡಿಯಿರಿ. ನಮ್ಮ ಕಡೆ ಗಿರಣಿಯಲ್ಲಿ ಮಾಡಿಸಿದ ಹಿಟ್ಟು ಅಂದ್ರೆ ಜರಡಿ ಕಡ್ಡಾಯ, ತೌಡು ಉಳಿದಿರುತ್ತೆ, ಬಿಸ್ಕತ್ತು ಹಲ್ಲಿಗೆ ಗರಗರ ಅನ್ನುತ್ತೆ.

ಅಂಗಡಿ ಸಕ್ಕರೆ ಕಾಳು ದಪ್ಪ, ಮಿಕ್ಸಿಯಲ್ಲಿ ಮೂರು ನಾಲ್ಕು ಸಲ ಬಿಟ್ಟು ಬಿಟ್ಟು ತಿರುಗಿಸಿ ಸಣ್ಣ ರವೆಯಷ್ಟು ಮಾಡಿ. ಪೂರ್ತಿ ನುಣ್ಣಗೆ ಬೇಡ. ಪುಡಿ ಸಕ್ಕರೆಗೆ ಕೊರೆಯೋ ಅಂಚೇ ಇರಲ್ಲ, ಬಿಸ್ಕತ್ತು ಸೀಮೆಸುಣ್ಣದ ಹಾಗೆ ಪುಡಿಪುಡಿ ಆಗುತ್ತೆ. ದಪ್ಪ ಸಕ್ಕರೆ ಹಾಗೇ ಹಾಕಿದ್ರೆ ಕರಗದ ಕಾಳು ಕಂದು ಚುಕ್ಕೆಯಾಗಿ ಕಾಣುತ್ತೆ.

ಬರೀ ಬೆಣ್ಣೆಯನ್ನ 1ನೇ ಸ್ಪೀಡಲ್ಲಿ ಅರ್ಧ ನಿಮಿಷ. ಸಕ್ಕರೆ ಹಾಕಿ 2ನೇ ಸ್ಪೀಡು, ಒಂದು ನಿಮಿಷ. ನಿಲ್ಲಿಸಿ, ತಲೆ ಎತ್ತಿ, ಗೋಡೆ ಮತ್ತು ತಳ ಎರಡನ್ನೂ ಸ್ಪ್ಯಾಚುಲಾದಿಂದ ಬಳಿಯಿರಿ. ಮತ್ತೆ 3ನೇ ಸ್ಪೀಡಲ್ಲಿ ಒಂದೂವರೆ ನಿಮಿಷ, ಅಷ್ಟೇ. ಹಳದಿ ಬೆಣ್ಣೆ ಬಿಳಿಚಿಕೊಂಡಿರಬೇಕು, ಎರಡು ಬೆರಳ ನಡುವೆ ಉಜ್ಜಿದ್ರೆ ಸಕ್ಕರೆ ಇನ್ನೂ ಸ್ವಲ್ಪ ಮರಳುಮರಳಾಗಿ ಸಿಗಬೇಕು. ಕೇಕಿಗೆ ಇದನ್ನೇ 5-6 ನಿಮಿಷ ಮಾಡ್ತಾರೆ. ಬಿಸ್ಕತ್ತಿಗೆ ಅಷ್ಟು ಗಾಳಿ ಸೇರಿದ್ರೆ ಉಬ್ಬಿ, ಕುಸಿದು, ಹರಡುತ್ತೆ.

ಹಿಟ್ಟೆಲ್ಲ ಒಟ್ಟಿಗೆ ಹಾಕಿ 1ನೇ ಸ್ಪೀಡು, 30-40 ಸೆಕೆಂಡು. ಶುರುವಲ್ಲಿ ಬೌಲ್ ಮೇಲೆ ಒದ್ದೆ ಬಟ್ಟೆ ಹಿಡೀರಿ, ಇಲ್ಲಾಂದ್ರೆ ಮುಖಕ್ಕೆಲ್ಲ ಮೈದಾ. ನೀವು ಮಾಡಿದ 3 ನಿಮಿಷ ತುಂಬಾ ಜಾಸ್ತಿ, ಮೈದಾದಲ್ಲಿ ಗ್ಲುಟನ್ (ಹಿಟ್ಟನ್ನ ಅಂಟಾಗಿ ಹಿಡಿದಿಡೋ ಪ್ರೋಟೀನು) ಎದ್ದು ಬಿಸ್ಕತ್ತು ನಾರಾಗುತ್ತೆ. ಒಣ ಹಿಟ್ಟಿನ ಗೆರೆ ಇನ್ನೂ ಅಲ್ಲಲ್ಲಿ ಕಾಣ್ತಿರುವಾಗಲೇ ನಿಲ್ಲಿಸಿ, ಹಾಲು 1 ಚಮಚ ಹಾಕಿ ಕೈಯಲ್ಲಿ ಒಟ್ಟುಗೂಡಿಸಿ. ಒಂದು ಉಂಡೆ ಮಾಡಿ ಒತ್ತಿ ನೋಡಿ. ಅಂಚು ಆಳವಾಗಿ ಸೀಳಿದ್ರೆ ಇನ್ನೊಂದು ಚಮಚ ಹಾಲು, ಸಣ್ಣ ಬಿರುಕಾದ್ರೆ ಸರಿ ಇದೆ.

ಮುಚ್ಚಿ ಫ್ರಿಜ್ಜಲ್ಲಿ ಅರ್ಧ ಗಂಟೆ. ಬೆಣ್ಣೆ ಗಟ್ಟಿಯಾಗೋಕೆ ಮಾತ್ರ ಅಲ್ಲ, ರಾಗಿ ಒದ್ದೆ ಹೀರೋದು ನಿಧಾನ, ಅದಕ್ಕೂ ಸಮಯ ಬೇಕು. ಆಮೇಲೆ 23 ಗ್ರಾಮಿನ ಉಂಡೆ ಮಾಡಿದ್ರೆ ಸುಮಾರು 28 ಬರುತ್ತೆ. ಒಂದು ಸೆಂಟಿಮೀಟರ್ ದಪ್ಪಕ್ಕೆ ತಟ್ಟಿ, ಬಟರ್ ಪೇಪರ್ ಮೇಲೆ ಎರಡು ಬೆರಳಿನ ಅಂತರದಲ್ಲಿಡಿ. ಟ್ರೇಗೆ ಬೆಣ್ಣೆ ಸವರಬೇಡಿ, ಜಾರಿ ಇನ್ನೂ ಹರಡುತ್ತೆ.

ಒಟಿಜಿ 170 ಡಿಗ್ರಿ, 15 ನಿಮಿಷ ಮೊದಲೇ ಕಾಯಿಸಿ, ನಡುವಿನ ಹಂತದಲ್ಲಿ 13-15 ನಿಮಿಷ. ಗುಂಡಿ 170 ತೋರಿಸಿದ್ರೆ ಒಳಗೆ 170 ಇರುತ್ತೆ ಅಂತ ಏನಿಲ್ಲ, ಒಳಗೆ ಇಡೋ ಓವನ್ ಥರ್ಮಾಮೀಟರ್ ಸಿಗುತ್ತೆ, ಅದನ್ನ ನೋಡಿ. ರಾಗಿ ಬಿಸ್ಕತ್ತು ಮೊದಲೇ ಕಂದು, ಬಣ್ಣ ನೋಡಿ ಬೆಂದಿದ್ಯಾ ಹೇಳೋಕಾಗಲ್ಲ. ಒಂದನ್ನ ಚಾಕುವಿನ ತುದಿಯಿಂದ ಮೆಲ್ಲಗೆ ಎತ್ತಿ ಅಡಿ ನೋಡಿ. ಅಡಿಯ ಸುತ್ತಂಚು ಒಂದು ಛಾಯೆ ಕಪ್ಪಗೆ ತಿರುಗಿ, ಮೇಲ್ಭಾಗದ ಹೊಳಪು ಹೋಗಿದ್ರೆ ತೆಗೀರಿ. ನಡುವೆ ಮೆತ್ತಗಿದ್ರೂ ಪರವಾಗಿಲ್ಲ, ಟ್ರೇ ಮೇಲೆ 8-10 ನಿಮಿಷ ಬಿಟ್ರೆ ಗಟ್ಟಿಯಾಗುತ್ತೆ. ಬಿಸಿಯಿದ್ದಾಗ ಎತ್ತಿದ್ರೆ ಮುರಿಯುತ್ತೆ, ಬಿಸಿಯಿದ್ದಾಗ ಡಬ್ಬಕ್ಕೆ ಹಾಕಿದ್ರೆ ಬೆವರಿ ಮೆತ್ತಗಾಗುತ್ತೆ.

ಪೂರ್ತಿ ಟ್ರೇ ಒಳಗಿಡೋ ಮೊದಲು ಒಂದೇ ಒಂದು ಬಿಸ್ಕತ್ತು ಬೇಯಿಸಿ. ಹರಡಿದ್ರೆ ಉಳಿದ ಹಿಟ್ಟಿಗೆ 2 ಟೇಬಲ್ ಚಮಚ ಮೈದಾ ಸೇರಿಸಿ ಮತ್ತೆ ತಣ್ಣಗೆ ಮಾಡಿ. ಹಾಳಾಗೋದು ಒಂದೇ ಬಿಸ್ಕತ್ತು.

ಚಿಂತಾಮಣಿ_ಮೋಟಾರ್ (ಚಿಕ್ಕಬಳ್ಳಾಪುರ ಜಿಲ್ಲೆ)

ಮೆಷಿನ್ ಭಾಗ ನಾನು ಹೇಳ್ತೀನಿ.

ಟಿಕ್ ಟಿಕ್ ಅಂದ್ರೆ ಬೀಟರ್ ತಳಕ್ಕೆ ತಾಗ್ತಿದೆ. ಹಾಗೇ ಬಿಟ್ರೆ ಬೀಟರ್ ಮೇಲಿನ ಬಿಳಿ ಕೋಟಿಂಗ್ ಎದ್ದು ಹಿಟ್ಟಿಗೆ ಬೀಳುತ್ತೆ. ತುಂಬಾ ಮೇಲಿದ್ರೆ ತಳದ ಸಕ್ಕರೆ ಮುಟ್ಟೋದೇ ಇಲ್ಲ. ಅದಕ್ಕೆ ಒಂದು ರೂಪಾಯಿ ಪರೀಕ್ಷೆ ಮಾಡಿ. ಒಂದು ರೂಪಾಯಿ ನಾಣ್ಯ ತೊಳೆದು ಒರೆಸಿ ಖಾಲಿ ಬೌಲಿಗೆ ಹಾಕಿ, ಚಪ್ಪಟೆ ಬೀಟರ್ ಸಿಕ್ಕಿಸಿ, ತಲೆ ಲಾಕ್ ಮಾಡಿ, 1ನೇ ಸ್ಪೀಡಲ್ಲಿ ಬಿಡಿ. ಬೀಟರ್ ಹಾದುಹೋದಾಗೆಲ್ಲ ನಾಣ್ಯ ಸ್ವಲ್ಪ ಸ್ವಲ್ಪ ಸರೀಬೇಕು. ಅಲ್ಲಾಡದೆ ಕೂತಿದ್ರೆ ಬೀಟರ್ ಮೇಲಿದೆ. ನಾಣ್ಯವನ್ನ ಬಿಡದೆ ತಳ್ಳಿಕೊಂಡೇ ಸುತ್ತಿದ್ರೆ ಕೆಳಗಿದೆ. ನಾಣ್ಯದ ದಪ್ಪ ಸುಮಾರು ಒಂದೂವರೆ ಮಿಲಿಮೀಟರ್, ಬೀಟರ್‌ಗೂ ತಳಕ್ಕೂ ಬೇಕಾದ ಅಂತರವೂ ಅದರ ಆಸುಪಾಸೇ.

ಸರಿಮಾಡೋ ಸ್ಕ್ರೂ ಸಾಮಾನ್ಯವಾಗಿ ತಲೆ ಎತ್ತಿದಾಗ ಕತ್ತಿನ ಹತ್ತಿರ, ಕಂಬ ಮತ್ತು ತಲೆ ಸೇರೋ ಜಾಗದಲ್ಲಿ ಕಾಣುತ್ತೆ. ಪ್ಲಗ್ ಕಿತ್ತು ಆಮೇಲೆ ಕೈ ಹಾಕಿ. ಹೆಚ್ಚಿನವುಗಳಲ್ಲಿ ಎಡಕ್ಕೆ ತಿರುಗಿಸಿದ್ರೆ ಬೀಟರ್ ಮೇಲೆ, ಬಲಕ್ಕೆ ತಿರುಗಿಸಿದ್ರೆ ಕೆಳಗೆ. ಒಂದು ಸಲಕ್ಕೆ ಕಾಲು ಸುತ್ತಿಗಿಂತ ಕಡಿಮೆ, ಪ್ರತಿ ಸಲ ನಾಣ್ಯ ಹಾಕಿ ನೋಡಿ. ಕಡಿಮೆ ಬೆಲೆಯ ಎಷ್ಟೋ ಮಾದರಿಗಳಲ್ಲಿ ಈ ಸ್ಕ್ರೂ ಇರಲ್ಲ. ಕೆಲವಕ್ಕೆ ಬೀಟರ್ ದಂಡದ ಮೇಲೇ ನಟ್ ಇರುತ್ತೆ. ಎರಡೂ ಇಲ್ಲಾಂದ್ರೆ ಬೌಲ್ ತಳದ ಲಾಕ್ ಪೂರ್ತಿ ಕೂತಿದೆಯಾ ನೋಡಿ, ಅರ್ಧ ತಿರುಗಿ ನಿಂತ ಬೌಲ್ ಓರೆಯಾಗಿ ಕೂತು ಒಂದೇ ಕಡೆ ತಾಗುತ್ತೆ. ಅದೂ ಅಲ್ಲ ಅಂದ್ರೆ ವಾರಂಟಿಯಲ್ಲಿ ಬದಲಾಯಿಸಿಕೊಳ್ಳಿ, ಬೀಟರನ್ನ ಉಜ್ಜಿ ಸವೆಸೋ ಸಾಹಸ ಬೇಡ.

ವಾಸನೆ: ಇಂಥ ಮೋಟಾರ್‌ಗಳಲ್ಲಿ ಕಾರ್ಬನ್ ಬ್ರಶ್ (ತಿರುಗೋ ಭಾಗಕ್ಕೆ ಕರೆಂಟ್ ಮುಟ್ಟಿಸೋ ಸಣ್ಣ ಕಾರ್ಬನ್ ತುಂಡು) ಇರುತ್ತೆ. ಹೊಸದರಲ್ಲಿ ಬ್ರಶ್ ಸವೆದು ಹೊಂದಿಕೊಳ್ಳುತ್ತೆ, ಮೋಟಾರಿನ ತಂತಿ ಸುರುಳಿಗೆ ಬಳಿದ ವಾರ್ನಿಶ್ ಮೊದಲ ಸಲ ಕಾಯುತ್ತೆ. ಮೊದಲ ಮೂರು ನಾಲ್ಕು ಸಲ ಸ್ವಲ್ಪ ವಾಸನೆ ಸಹಜ. ಹೊಗೆ ಬಂದ್ರೆ, ತಲೆ ಮೇಲೆ ಅಂಗೈ ಇಡೋಕಾಗದಷ್ಟು ಸುಟ್ರೆ, ಗಾಳಿ ಕಿಂಡಿಯೊಳಗೆ ದೊಡ್ಡ ಕಿಡಿ ಕಂಡ್ರೆ ಅದು ಸಹಜ ಅಲ್ಲ, ನಿಲ್ಲಿಸಿ.

ಲೇಬಲನ್ನ ಇನ್ನೊಂದು ಸಲ ಓದಿ. "ಕೆಬಿ" (KB) ಅಂತ ಬರೆದು ಪಕ್ಕದಲ್ಲಿ 5 ನಿಮಿಷ, 10 ನಿಮಿಷ ಅಂತಿರಬಹುದು. ಒಂದೇ ಸಮನೆ ಅಷ್ಟು ಹೊತ್ತು ಮಾತ್ರ ಓಡಿಸಬಹುದು, ಆಮೇಲೆ ಆರೋಕೆ ಬಿಡಬೇಕು ಅಂತ ಅರ್ಥ. ಅಲ್ಲಿಲ್ಲದಿದ್ರೆ ಕೈಪಿಡಿಯಲ್ಲಿ ಇರುತ್ತೆ. 1000 ವ್ಯಾಟ್ ಅನ್ನೋದು ಮೆಷಿನ್ ಎಳೆದುಕೊಳ್ಳೋ ಕರೆಂಟಿನ ಲೆಕ್ಕ, ಬೀಟರ್ ತುದಿಗೆ ಅಷ್ಟೂ ಬಲ ಬರುತ್ತೆ ಅಂತಲ್ಲ. ಅಂಗಡಿಯವರು ವ್ಯಾಟ್ ತೋರಿಸಿ ಮಾರ್ತಾರೆ. ನೋಡಬೇಕಾದ್ದು ಒಳಗಿನ ಗೇರ್ ಲೋಹದ್ದಾ ನೈಲಾನಿನದ್ದಾ ಅಂತ.

ಗಾಳಿ ಕಿಂಡಿ ಹಿಂದುಗಡೆ ಅಥವಾ ಅಡಿಯಲ್ಲಿರುತ್ತೆ. ಗೋಡೆಗೆ ಒತ್ತಿ ಇಡಬೇಡಿ, ಶಬ್ದ ಕಡಿಮೆ ಆಗ್ಲಿ ಅಂತ ಕೆಳಗೆ ಟವೆಲ್ ಹಾಸಬೇಡಿ. ಸಂಜೆ ವೋಲ್ಟೇಜ್ ಇಳಿದು ಬಲ್ಬು ಮಂಕಾಗಿರೋ ಹೊತ್ತಲ್ಲಿ ಗಟ್ಟಿ ಹಿಟ್ಟು ನಾದಬೇಡಿ. ಮೋಟಾರ್ ನಿಧಾನ ಆದಷ್ಟೂ ಅದರದ್ದೇ ಫ್ಯಾನೂ ನಿಧಾನ, ಭಾರ ಮಾತ್ರ ಅಷ್ಟೇ. ಹಳೇ ಚೌಕ ಅಲೆಯ (ಸ್ಕ್ವೇರ್ ವೇವ್) ಇನ್ವರ್ಟರ್ ಮೇಲೂ ಓಡಿಸಬೇಡಿ, ಸ್ಪೀಡ್ ಕಂಟ್ರೋಲ್ ಬೋರ್ಡಿಗೆ ಅದು ಆಗಿಬರಲ್ಲ. ಒಟಿಜಿಗೆ 16 ಆಂಪಿಯರ್ ಸಾಕೆಟ್ ಬೇರೆ ಇರಲಿ, ಎರಡನ್ನೂ ಒಂದೇ ಎಕ್ಸ್‌ಟೆನ್ಶನ್ ಬಾಕ್ಸಿಗೆ ಹಾಕಿದ್ರೆ ಬಾಕ್ಸೇ ಬೆಂದುಹೋಗುತ್ತೆ.

ಚಪಾತಿ ಹಿಟ್ಟು ನಾದಬಹುದು. ಮೊದಲ ಸಲಕ್ಕೆ 500 ಗ್ರಾಂ ಗೋಧಿ ಹಿಟ್ಟು, 300ರಿಂದ 325 ಎಂಎಲ್ ನೀರು, ಅದಕ್ಕಿಂತ ಜಾಸ್ತಿ ಬೇಡ. ಮುಕ್ಕಾಲು ಪಾಲು ನೀರು ಮೊದಲು ಬೌಲಿಗೆ, ಅದರ ಮೇಲೆ ಹಿಟ್ಟು ಸುರಿದ್ರೆ ತಳದಲ್ಲಿ ಒಣ ಹಿಟ್ಟು ಉಳಿಯಲ್ಲ. ಕೊಕ್ಕೆ ಹಾಕಿ 1ನೇ ಸ್ಪೀಡಲ್ಲಿ ಒಟ್ಟಾಗೋವರೆಗೆ, ಆಮೇಲೆ 2ರಲ್ಲಿ 3-4 ನಿಮಿಷ. 2ರ ಮೇಲೆ ಹೋಗಲೇಬೇಡಿ, ಗೇರ್ ಹಲ್ಲು ಹೋಗೋದು ಅಲ್ಲೇ. ತಲೆ ಕುಣಿಯೋಕೆ ಶುರುವಾದ್ರೆ ಹಿಟ್ಟು ಗಟ್ಟಿ ಇದೆ ಅಂತ, ಒಂದು ಚಮಚ ನೀರು ಚಿಮುಕಿಸಿ. ಹೋಳಿಗೆ ಕಣಕ ಇದಕ್ಕಿಂತ ಸಲೀಸು, ಮೆತ್ತಗಿರುತ್ತಲ್ಲ.

ಇನ್ನೊಂದು. ಹೊಸ ಸ್ಟೀಲ್ ಬೌಲನ್ನ ಬಿಳಿ ಬಟ್ಟೆಗೆ ಅಡುಗೆ ಎಣ್ಣೆ ಹಚ್ಚಿ ಒರೆಸಿ ನೋಡಿ, ಬಟ್ಟೆ ಕಪ್ಪಾಗುತ್ತೆ. ಕಾರ್ಖಾನೆಯ ಪಾಲಿಶ್ ಪುಡಿ ಅದು, ಬರೀ ಸೋಪಿಗೆ ಹೋಗಲ್ಲ. ಎಣ್ಣೆಯಲ್ಲಿ ಒರೆಸಿ, ಆಮೇಲೆ ಸೋಪು. ಬೀಟರ್ ಕೋಟಿಂಗ್ ಇಲ್ಲದ ಬರೀ ಅಲ್ಯೂಮಿನಿಯಂ ಆಗಿದ್ರೆ ರಾತ್ರಿಯೆಲ್ಲ ನೀರಲ್ಲಿ ನೆನೆಹಾಕಬೇಡಿ, ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಬೂದು ಬಣ್ಣ ಬಿಡೋಕೆ ಶುರುಮಾಡುತ್ತೆ.

ತಿಪಟೂರು_ಕೊಬ್ಬರಿ (ತುಮಕೂರು ಜಿಲ್ಲೆ)

ಬಂಗಾರಪೇಟೆ ಅವರು ಹೇಳಿದ್ದೆಲ್ಲ ಸರಿ, ಆದ್ರೆ ನಮ್ಮ ಬಿಸಿಲಿಗೆ ಬೆಣ್ಣೆ ಹಿಂದೆ ಓಡೋದಕ್ಕಿಂತ ತುಪ್ಪ ವಾಸಿ ಅನ್ನೋದು ನನ್ನ ವಾದ. ಹರಳುಗಟ್ಟಿದ ತುಪ್ಪ 160 ಗ್ರಾಂ ತಗೊಳ್ಳಿ, 200 ಅಲ್ಲ. ಬೆಣ್ಣೆಯಲ್ಲಿ ಕೊಬ್ಬು 80 ಪಾಲು, ಉಳಿದದ್ದು ಹೆಚ್ಚಾಗಿ ನೀರು, ತುಪ್ಪ ಪೂರ್ತಿ ಕೊಬ್ಬು. ಆ ನೀರಿನ ಬದಲು ಹಾಲು 2 ಟೇಬಲ್ ಚಮಚ, ಜೊತೆಗೆ ಕಾಲು ಟೀ ಚಮಚ ಉಪ್ಪು. ಚಪ್ಪಟೆ ಬೀಟರಲ್ಲಿ ತುಪ್ಪ ಬೆಳ್ಳಗೆ ಮೊಸರಿನ ಹಾಗಾಗುತ್ತೆ, ನಾನ್‌ಖಟಾಯಿಗೆ ಬೇಕಾದ್ದೇ ಅದು. ಕರಗಿದ ತುಪ್ಪ ಮಾತ್ರ ಬೇಡ. ಮನೆಯಲ್ಲಿ ಕಡೆದ ಬೆಣ್ಣೆಯನ್ನಂತೂ ನೇರವಾಗಿ ಹಾಕಲೇಬೇಡಿ, ಅದರಲ್ಲಿ ನೀರು ಎಷ್ಟಿದೆ ಅಂತ ಯಾರಿಗೂ ಗೊತ್ತಿರಲ್ಲ.

ರಾಗಿ ಜೊತೆ ಕೊಬ್ಬರಿ ತುರಿ ಹಾಕೋದಾದ್ರೆ 60 ಗ್ರಾಂ, ಹಿಟ್ಟೆಲ್ಲ ಆದಮೇಲೆ ಕೈಯಲ್ಲೇ ಸೇರಿಸಿ. ಕೊಬ್ಬರಿಯಲ್ಲಿ ನೂರಕ್ಕೆ ಅರವತ್ತಕ್ಕಿಂತ ಹೆಚ್ಚು ಪಾಲು ಎಣ್ಣೆ, ಹಾಗಾಗಿ ಬೆಣ್ಣೆಯಲ್ಲಿ 25 ಗ್ರಾಂ ಕಡಿಮೆ ಮಾಡಿ. ಮಿಕ್ಸಿಗೆ ಹಾಕಬೇಡಿ, ಎಣ್ಣೆ ಬಿಟ್ಟು ಮುದ್ದೆಯಾಗುತ್ತೆ. ಈಳಿಗೆ ಮಣೆಯಲ್ಲಿ ತುರಿದಿದ್ದೇ ಚೆನ್ನ.

ಶಿರಾಗೇಟ್_ಅಡುಗೆಮನೆ (ತುಮಕೂರು)

ಎಲ್ಲರಿಗೂ ಥ್ಯಾಂಕ್ಸ್. ನಾಣ್ಯವನ್ನ ಬೀಟರ್ ತಳ್ಳಿಕೊಂಡೇ ಸುತ್ತುತ್ತಿತ್ತು, ಅಂದ್ರೆ ಕೆಳಗಿತ್ತು. ಸ್ಕ್ರೂ ಕತ್ತಿನ ಹತ್ತಿರವೇ ಸಿಕ್ತು, ಎಡಕ್ಕೆ ಎರಡು ಸಲ ಸ್ವಲ್ಪ ಸ್ವಲ್ಪ ತಿರುಗಿಸಿದ ಮೇಲೆ ಟಿಕ್ ಟಿಕ್ ಇಲ್ಲ. ಲೇಬಲಲ್ಲಿ ಕೆಬಿ 5 ನಿಮಿಷ ಅಂತ ಇದೆ.

200 ಗ್ರಾಂ ಅಳತೆಯಲ್ಲಿ ಬೆಣ್ಣೆಯಲ್ಲೇ ಮಾಡಿದ್ದು, ಹರಡಲಿಲ್ಲ, ತಳದಲ್ಲಿ ಸಕ್ಕರೆ ಇಲ್ಲ. ಉಳಿದಿರೋದು ಎರಡು. ಮೇಲೆ ಬಿರುಕು ಜಾಸ್ತಿ, ಎತ್ತಿದ್ರೆ ಪುಡಿ ಉದುರುತ್ತೆ. ಮತ್ತೆ, ಸಕ್ಕರೆ ಬದಲು ಬೆಲ್ಲ ಹಾಕೋದಾದ್ರೆ ಅಷ್ಟೇ ತೂಕನಾ? ತುಮಕೂರು ಎತ್ತರದ ಊರು, ಅದಕ್ಕೆ ಅಳತೆ ಬದಲಾಯಿಸಬೇಕು ಅಂತ ಒಂದು ವಿಡಿಯೋದಲ್ಲಿ ಹೇಳ್ತಿದ್ರು, ನಿಜನಾ?

ಬಂಗಾರಪೇಟೆ_ಓವನ್ (ಕೋಲಾರ ಜಿಲ್ಲೆ)

ಎತ್ತರದ ಚಿಂತೆ ಬಿಡಿ. ತುಮಕೂರು, ಕೋಲಾರ ಎಲ್ಲ 800 ಮೀಟರ್ ಚಿಲ್ಲರೆ. ಕೇಕ್ ಕೂಡ ಹೆಚ್ಚುಕಮ್ಮಿ ಸರಿಯಾಗೇ ಆಗುತ್ತೆ, ಬಿಸ್ಕತ್ತಿಗಂತೂ ಏನೂ ವ್ಯತ್ಯಾಸವಿಲ್ಲ. ನಂದಿಬೆಟ್ಟದ ತುದಿಯಲ್ಲಿ, 1478 ಮೀಟರ್ ಮೇಲೆ, ಒಟಿಜಿ ಇಟ್ಟು ಕೇಕ್ ಮಾಡಿದಾಗ ಯೋಚನೆ ಮಾಡೋಣ.

ಪುಡಿ ಉದುರೋದು ರಾಗಿಯ ಗುಣ, ಅದರಲ್ಲಿ ಗ್ಲುಟನ್ ಇಲ್ಲ, ಹಿಡಿದಿಡೋದು ಮೈದಾ ಒಂದೇ. ಹುರಿದಾಗ ರಾಗಿಯ ತೇವವೂ ಹೋಗಿರುತ್ತೆ. ಮುಂದಿನ ಸಲ ಹಾಲು ಒಂದು ಟೇಬಲ್ ಚಮಚ ಜಾಸ್ತಿ ಮಾಡಿ. ಫ್ರಿಜ್ಜಿಂದ ತೆಗೆದ ಹಿಟ್ಟನ್ನ 5 ನಿಮಿಷ ಹೊರಗಿಟ್ಟು ಆಮೇಲೆ ಉಂಡೆ ಮಾಡಿ, ಕಲ್ಲಿನಂಥ ಹಿಟ್ಟನ್ನ ತಟ್ಟಿದ್ರೆ ಸೀಳೋದು ಸಹಜ. ಅಂಗೈಯಲ್ಲಿ ನಯವಾಗಿ ಉರುಟು ಮಾಡಿದ ಮೇಲೇ ತಟ್ಟಿ. ರಾಗಿ ಪಾಲು ಮೂರರಲ್ಲಿ ಒಂದಕ್ಕಿಂತ ಹೆಚ್ಚಿಸಬೇಡಿ, "ಪೂರ್ತಿ ರಾಗಿ" ಅಂತ ಮಾರೋ ಬಿಸ್ಕತ್ತುಗಳು ಬಾಯಲ್ಲಿ ಮಣ್ಣಾಗೋದು ಅದಕ್ಕೇ.

ಬೆಲ್ಲ ತೂಕಕ್ಕೆ ತೂಕ ಹಾಕಬಹುದು, ಆದ್ರೆ ಅದು ಬೇರೆಯದೇ ಬಿಸ್ಕತ್ತು. ಬೆಲ್ಲದಲ್ಲಿ ತೇವ ಇದೆ, ಹಾಲು ಮೊದಲು ಹಾಕಲೇಬೇಡಿ, ಬೇಕಿದ್ರೆ ಕೊನೆಗೆ. ಬೇಗ ಕಂದಾಗುತ್ತೆ, ಓವನ್ 160ಕ್ಕೆ ಇಳಿಸಿ ಎರಡು ನಿಮಿಷ ಜಾಸ್ತಿ ಕೊಡಿ. ಒಣ ಬೆಲ್ಲದ ಪುಡಿ ಜರಡಿ ಹಿಡಿದು ಬಳಸಿ. ಅಚ್ಚು ಬೆಲ್ಲ ತುರಿದು ಹಾಕಿದ್ರೆ ಗಂಟು ಉಳಿದು ಓವನ್‌ನಲ್ಲಿ ಕರಗಿ ತೂತಾಗುತ್ತೆ, ಕಲ್ಲು ಮಣ್ಣು ಸಿಕ್ಕರೆ ಅದು ಬೇರೆ. ಪಾಕ ಮಾಡಿ ಶೋಧಿಸಿದ್ರೆ ಬೆಣ್ಣೆ ಜೊತೆ ತಿರುವೋಕೆ ಬರಲ್ಲ. ಬೆಲ್ಲದ ಪುಡಿಗೆ ಸಕ್ಕರೆ ಕಾಳಿನಷ್ಟು ಕೊರೆಯೋ ಅಂಚಿಲ್ಲ, ಹಾಗಾಗಿ ಗರಿಗರಿ ಕಡಿಮೆ. ಗಾಳಿಯ ತೇವ ಎಳೆದುಕೊಂಡು ಮಾರನೇ ದಿನಕ್ಕೆ ಇನ್ನೂ ಮೆತ್ತಗಾಗುತ್ತೆ. ಅರ್ಧ ಸಕ್ಕರೆ, ಅರ್ಧ ಬೆಲ್ಲ ಹಾಕಿದ್ರೆ ರುಚಿಯೂ ಬರುತ್ತೆ, ಗರಿಯೂ ಉಳಿಯುತ್ತೆ.

ತಿಪಟೂರು ಅವರೇ, ತುಪ್ಪಕ್ಕೆ ನನ್ನ ಅಡ್ಡಿಯಿಲ್ಲ. ಆದ್ರೆ 33 ಡಿಗ್ರಿಯಲ್ಲಿ ತುಪ್ಪವೂ ಹರಳುಗಟ್ಟಿ ನಿಲ್ಲಲ್ಲ, ಅದನ್ನೂ ಫ್ರಿಜ್ಜಿಗೇ ಹಾಕಬೇಕು. ಓಡೋದು ತಪ್ಪಲಿಲ್ಲವಲ್ಲ!

ಗೌರಿಬಿದನೂರು_ಖಾರ (ಚಿಕ್ಕಬಳ್ಳಾಪುರ ಜಿಲ್ಲೆ)

ಸಿಹಿ ಆಯ್ತು, ಅದೇ ಚಪ್ಪಟೆ ಬೀಟರಲ್ಲಿ ಅಯ್ಯಂಗಾರ್ ಬೇಕರಿ ಥರದ ಖಾರ ಬಿಸ್ಕತ್ತೂ ಮಾಡಿ ನೋಡಿ. ಇಲ್ಲಿ ವಿಧಾನ ಉಲ್ಟಾ, ಬೆಣ್ಣೆ ತಿರುವೋದೇ ಇಲ್ಲ.

ಮೈದಾ 250 ಗ್ರಾಂ, ಬೇಕಿಂಗ್ ಪೌಡರ್ 1 ಟೀ ಚಮಚ, ಸಕ್ಕರೆ ಪುಡಿ 15 ಗ್ರಾಂ, ಉಪ್ಪು ಅರ್ಧ ಟೀ ಚಮಚ ಬೌಲಿಗೆ ಹಾಕಿ. ಫ್ರಿಜ್ಜಿಂದ ಆಗತಾನೇ ತೆಗೆದ ಉಪ್ಪಿರೋ ಬೆಣ್ಣೆ 125 ಗ್ರಾಂ ಸಣ್ಣ ತುಂಡು ಮಾಡಿ ಅದರ ಮೇಲೆ ಹರಡಿ, 1ನೇ ಸ್ಪೀಡಲ್ಲಿ 2 ನಿಮಿಷ. ಎಲ್ಲ ಸೇರಿ ಒದ್ದೆ ರವೆಯ ಹಾಗೆ ಕಾಣಬೇಕು, ಮುಷ್ಟಿಯಲ್ಲಿ ಹಿಡಿದ್ರೆ ಉಂಡೆಯಾಗಿ, ಬೆರಳಲ್ಲಿ ತಟ್ಟಿದ್ರೆ ಉದುರಬೇಕು. ಹಿಟ್ಟಿಗೆ ಮೊದಲೇ ಜಿಡ್ಡು ಹತ್ತಿರೋದ್ರಿಂದ ಆಮೇಲೆ ಮೊಸರು ಹಾಕಿದ್ರೂ ನಾರಾಗಲ್ಲ.

ಹಸಿಮೆಣಸಿನಕಾಯಿ 4, ಕರಿಬೇವು ಒಂದು ಎಸಳು, ಕೊತ್ತಂಬರಿ ಸೊಪ್ಪು ಒಂದು ಹಿಡಿ, ಜೀರಿಗೆ 1 ಟೀ ಚಮಚ, ಚಿಟಿಕೆ ಇಂಗು. ಸೊಪ್ಪು ತೊಳೆದು ಬಟ್ಟೆಯ ಮೇಲೆ ಪೂರ್ತಿ ಒಣಗಿಸಿ ಸಣ್ಣಗೆ ಹೆಚ್ಚಿ. ರುಬ್ಬಬೇಡಿ, ನೀರು ಬಿಟ್ಟು ಬಿಸ್ಕತ್ತು ಹಸಿರಾಗುತ್ತೆ, ಗರಿ ಬರಲ್ಲ. ಇದನ್ನೂ 2 ಟೇಬಲ್ ಚಮಚ ಗಟ್ಟಿ ಮೊಸರನ್ನೂ ಹಾಕಿ ಮತ್ತೆ 20 ಸೆಕೆಂಡು. ಒಟ್ಟಾಗದಿದ್ರೆ ಇನ್ನೊಂದು ಚಮಚ ಮೊಸರು.

ಅರ್ಧ ಗಂಟೆ ಫ್ರಿಜ್ಜಲ್ಲಿಟ್ಟು, ಎರಡು ಬಟರ್ ಪೇಪರ್ ನಡುವೆ 6-7 ಮಿಲಿಮೀಟರ್ ದಪ್ಪಕ್ಕೆ ಲಟ್ಟಿಸಿ, ಡಬ್ಬದ ಮುಚ್ಚಳದಿಂದ ಒತ್ತಿ ಕತ್ತರಿಸಿ. ಫೋರ್ಕಿಂದ ಮೂರು ಕಡೆ ಚುಚ್ಚಿ, ಇಲ್ಲಾಂದ್ರೆ ಪೂರಿ ಥರ ಉಬ್ಬುತ್ತೆ. 170 ಡಿಗ್ರಿ, 18-20 ನಿಮಿಷ, ಅಂಚು ಹೊಂಬಣ್ಣ ಬರೋವರೆಗೆ. ಬೇಕರಿಯವರು ಗರಿಗೆ ಬೇಕಿಂಗ್ ಅಮೋನಿಯಾ (ಅಮೋನಿಯಂ ಬೈಕಾರ್ಬನೇಟ್ ಪುಡಿ) ಹಾಕ್ತಾರೆ. ಮನೆಯ ಸಣ್ಣ ಒಟಿಜಿಗೆ ಅದು ಬೇಡ, ದಪ್ಪ ಬಿಸ್ಕತ್ತಿನಿಂದ ವಾಸನೆ ಪೂರ್ತಿ ಹೊರಗೆ ಹೋಗಲ್ಲ, ಅಡುಗೆಮನೆ ತುಂಬಾ ಘಾಟು. ಗರಿ ಸಾಲದು ಅನ್ನಿಸಿದ್ರೆ ಓವನ್ ಆಫ್ ಮಾಡಿ, ಬಾಗಿಲು ಒಂದು ಬೆರಳಷ್ಟು ತೆರೆದು ಬಿಸ್ಕತ್ತನ್ನ ಇನ್ನೂ 10 ನಿಮಿಷ ಒಳಗೇ ಬಿಡಿ.